ಹುಳುಮನೆಯ ಬಾಗಿಲಮ್ಮ

ನಮ್ಮೂರಿನಲ್ಲಿ ಹೊಸ ಸೊಸೆ ಮನೆ ತುಂಬುವಾಗ, ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಒದೆಯುವುದಕ್ಕೆ ಮುಂಚೆ, ಹಿತ್ತಲಿನಲ್ಲಿ ರೇಷ್ಮೆಹುಳು ಸಾಕುವ ಹುಳುಮನೆಯ ಬಾಗಿಲಿಗೆ ಹೋಗಿ ಬಲಗೈಯ ಮಣಿಕಟ್ಟನ್ನು ಮೇಲೆತ್ತಿ ಹಿಡಿಯಬೇಕು. ಬಾಗಿಲವಾಡದ ಸಂದಿಯಿಂದ ಬಾಗಿಲಮ್ಮ ಇಳಿದು ಬರುತ್ತಾಳೆ. ಅಂಗೈಯಗಲದ ಜೇಡ, ಮೈ ಹಳೆಯ ತಾಮ್ರದ ಬಣ್ಣ, ಕಾಲುಗಳ ಗೆಣ್ಣಿನಲ್ಲಿ ಮಾತ್ರ ಬೂದಿ ಬಳಿದ ಹಾಗೆ ಬಿಳುಪು. ಬಳೆಗಳ ಮೇಲೆ ಒಂದು ಸುತ್ತು ನಡೆದು, ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಆಮೇಲೆ ಕಚ್ಚುತ್ತಾಳೆ. ಇರುವೆ ಕಚ್ಚಿದಷ್ಟೂ ನೋವಾಗುವುದಿಲ್ಲ. ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಯೊಂದು ನಿಲ್ಲುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಅತ್ತೆ ಕಾಲವಾದ ಮೇಲೆ ಆ ಹೆಣ್ಣೇ ಆ ಹುಳುಮನೆಗೆ ಯಜಮಾನಿ. ಒಮ್ಮೆ ಚುಕ್ಕೆ ಬಿದ್ದ ಕೈಯನ್ನು ಬೇರೆ ಮನೆಯ ಬಾಗಿಲಮ್ಮ ಮುಟ್ಟುವುದಿಲ್ಲ. ಗಂಡಸಿನ ಕೈಯನ್ನು ಯಾವ ಬಾಗಿಲಮ್ಮನೂ ಮುಟ್ಟಿದ್ದಿಲ್ಲ, ಏಕೆಂದರೆ ಯಾವ ಗಂಡಸೂ ಒಡ್ಡಿದ್ದಿಲ್ಲ.

ಊರಿಗೆ ಊರೇ ರೇಷ್ಮೆಹುಳು ಸಾಕಿ ಬದುಕುವಂಥದು. ಹುಳಕ್ಕೆ ದೊಡ್ಡ ಶತ್ರು ಊಜಿ ನೊಣ. ಅದು ಬಾಗಿಲ ಸಂದಿಯಲ್ಲಿ ತೂರಿಬಂದು ಹುಳದ ಮೈಮೇಲೆ ಎಳ್ಳಿಗಿಂತ ಸಣ್ಣದೊಂದು ಬಿಳಿ ಮೊಟ್ಟೆ ಅಂಟಿಸಿ ಹೋಗುತ್ತದೆ. ಮೊಟ್ಟೆ ಒಡೆದು ಮರಿ ಒಳಗೆ ಕೊರೆದುಕೊಂಡು ಹೋದರೆ ಆ ಹುಳು ಗೂಡು ಕಟ್ಟುವುದಿಲ್ಲ. ಕಟ್ಟಿದರೂ ಗೂಡು ತೂತು. ಬೇರೆ ಊರುಗಳಲ್ಲಿ ಜಾಲರಿ ಬಿಗಿಯುತ್ತಾರೆ, ಪುಡಿ ಎರಚುತ್ತಾರೆ. ನಮ್ಮಲ್ಲಿ ಬಾಗಿಲಮ್ಮ ಇದ್ದಾಳೆ. ನೊಣ ಬಾಗಿಲು ದಾಟುವ ಹೊತ್ತಿಗೆ ಅವಳು ಅದರ ಮೇಲಿರುತ್ತಾಳೆ. ಕತ್ತಿನ ಹಿಂದೆ ಒಂದು ಸಲ ಹಲ್ಲು ಊರುತ್ತಾಳೆ, ಅಷ್ಟೆ. ನೊಣ ಒಮ್ಮೆ ರೆಕ್ಕೆಯನ್ನು ಗಡಗಡ ನಡುಗಿಸಿ, ಕಾಲು ಮಡಚಿಕೊಂಡು, ನಿಂತುಬಿಡುತ್ತದೆ. ಸತ್ತಿರುವುದಿಲ್ಲ. ಹತ್ತಿರದಿಂದ ನೋಡಿದರೆ ಹೊಟ್ಟೆ ಸಣ್ಣಗೆ ಏರಿಳಿಯುತ್ತಿರುತ್ತದೆ. ಅದನ್ನು ನೂಲಿನಲ್ಲಿ ಸುತ್ತಿ ಮೇಲಕ್ಕೆ ಒಯ್ದು, ಹಸಿವಾದಾಗ ಉಣ್ಣುತ್ತಾಳೆ. ಒಳಗೆ ತಟ್ಟೆ ತಟ್ಟೆಗಳ ತುಂಬ ಕೊಬ್ಬಿದ, ಮೆತ್ತನೆಯ, ಓಡಲಾರದ ಹುಳುಗಳಿದ್ದರೂ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ.

ನನ್ನ ಹೆಂಡತಿ ತಿಮ್ಮಾಜಮ್ಮ ಮದುವೆಯ ದಿನ ಈ ಬಾಗಿಲಲ್ಲಿ ನಿಂತಾಗ ಮಿಕ್ಕ ಹೆಣ್ಣುಮಕ್ಕಳ ಹಾಗೆ ಕಣ್ಣು ಮುಚ್ಚಲಿಲ್ಲ. ಬಾಗಿಲಮ್ಮ ಕೈಮೇಲೆ ಕುಳಿತು ತಡಮಾಡುತ್ತಿದ್ದಾಗ, "ಬಿರ್ರನೆ ಕಚ್ಚವ್ವ, ಬೆಳಿಗ್ಗಿಂದ ಏನೂ ತಿಂದಿಲ್ಲ" ಎಂದಳು. ನಮ್ಮ ತಾಯಿ ಗದರಿಕೊಳ್ಳಲು ಹೋಗಿ ನಕ್ಕುಬಿಟ್ಟರು. ಅಂದಿನಿಂದ ಅವಳಿಗೂ ಬಾಗಿಲಮ್ಮನಿಗೂ ಮಾತುಕತೆ. ಸೊಪ್ಪು ಹಾಕುವಾಗ, ಕಸ ತೆಗೆಯುವಾಗ ಮೇಲೆ ನೋಡಿ ಮಾತಾಡುತ್ತಲೇ ಇರುತ್ತಿದ್ದಳು. ನಾನು ದೇವರ ಮನೆಯಲ್ಲಿ ಕುಳಿತು ರಂಗನಾಥನ ನಾಮ ಹೇಳಿಕೊಳ್ಳುತ್ತಿದ್ದರೆ ಹಿತ್ತಲಿನಿಂದ ಅವಳ ಮಾತು ಕೇಳುತ್ತಿತ್ತು. ನನ್ನ ದೇವರು ಹೇಗೆ ಉತ್ತರ ಕೊಡುತ್ತಿರಲಿಲ್ಲವೋ ಅವಳ ಜೇಡವೂ ಹಾಗೆಯೇ. ನಮ್ಮಿಬ್ಬರಿಗೂ ಅದರಿಂದ ಬೇಸರವಾಗಲಿಲ್ಲ.

ಒಂದು ವರ್ಷ ರೇಷ್ಮೆ ಇಲಾಖೆಯಿಂದ ಒಬ್ಬ ಹುಡುಗಪ್ರಾಯದ ಇನ್ಸ್‌ಪೆಕ್ಟರು ಬಂದು ನಮ್ಮ ಜಗಲಿಯಲ್ಲಿ ಕುಳಿತಿದ್ದರು. ಒಳ್ಳೆಯ ಮನುಷ್ಯ. ನಿಂತುಹೋದ ನೊಣವೊಂದನ್ನು ಭೂತಗನ್ನಡಿಯಲ್ಲಿ ನನಗೂ ತೋರಿಸಿದರು. "ನರದ ಉದ್ದಕ್ಕೂ ಸಣ್ಣ ಸಣ್ಣ ಬಾಗಿಲುಗಳಿರ್ತವೆ ಯಜಮಾನರೇ. ತೆರೀಬೇಕು, ಮುಚ್ಚಬೇಕು, ಆಗಲೇ ಕೈಕಾಲು ಆಡೋದು. ಈ ಜೇಡ ಕಚ್ಚಿ ಬಿಡೋ ಹನಿಯಲ್ಲಿರೋ ವಿಷ ಬೀಗದ ಕೈ ಇದ್ದ ಹಾಗೆ. ನೊಣದ ಬಾಗಿಲುಗಳನ್ನ ತೆರೆದದ್ದು ತೆರೆದಂಗೇ ನಿಲ್ಲಿಸಿಬಿಡುತ್ತೆ. ಅದಕ್ಕೇ ಮೊದಲು ನಡುಗೋದು, ಆಮೇಲೆ ಸೋತು ನಿಲ್ಲೋದು. ನಮ್ಮ ನರದ ಬೀಗವೇ ಬೇರೆ, ಈ ಕೈ ಹೊಂದೋದಿಲ್ಲ" ಎಂದರು.

ತಿಮ್ಮಾಜಮ್ಮ ಕಾಫಿ ತಂದವಳು ನಿಂತು ಕೇಳಿದಳು: "ನಮ್ ಹುಳಿನ ಬೀಗ ಯಾತರದು ಸಾಮಿ?"

"ಹುಳದ್ದೂ ನೊಣದ್ದೂ ಒಂದೇ ಥರದ ಬೀಗ ಕಣಮ್ಮ. ಕಚ್ಚಿದರೆ ಅದೂ ನಿಂತುಹೋಗುತ್ತೆ."

"ಮತ್ಯಾಕೆ ಕಚ್ಚಾಕಿಲ್ಲ ಇವಳು?"

"ಅದು ಯಾವ ಪುಸ್ತಕದಲ್ಲೂ ಇಲ್ಲ. ನೀವೇ ಅವಳನ್ನ ಕೇಳಬೇಕು."

"ಕೇಳಿವ್ನಿ ಬುಡಿ. ನಿಂಗ್ಯಾಕೆ, ಸೊಪ್ಪಾಕೋಗು ಅಂತಾಳೆ."

ಇನ್ಸ್‌ಪೆಕ್ಟರು ಕಾಫಿ ಚೆಲ್ಲುವ ಹಾಗೆ ನಕ್ಕರು. ಅವತ್ತು ರಾತ್ರಿ ಮಲಗುವಾಗ ನಾನು ಬಹಳ ಹೊತ್ತು ಅದನ್ನೇ ಯೋಚಿಸಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿ. ಅದಕ್ಕೆ ಯಾರನ್ನು ನಿಲ್ಲಿಸಬೇಕು, ಯಾರನ್ನು ಬಿಡಬೇಕು ಎಂದು ಗೊತ್ತು. ನೊಣವೋ ಹುಳವೋ ಎಂದು ಆ ಹನಿಗೆ ಗೊತ್ತಿಲ್ಲದ್ದು ಹನಿಯ ಒಡತಿಗೆ ಗೊತ್ತು. ಕೊಲ್ಲುವ ಶಕ್ತಿ ಲೋಕದಲ್ಲಿ ಬೇಕಾದಷ್ಟಿದೆ. ಇಷ್ಟು ಅಳೆದು, ಇಷ್ಟು ತಡೆದು ಅದನ್ನು ಬಳಸುವವರನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ. ಭಗವಂತ ತನ್ನ ವಿವೇಕವನ್ನು ಎಲ್ಲೆಲ್ಲಿ ಬಚ್ಚಿಟ್ಟಿದ್ದಾನೋ ಎಂದುಕೊಂಡು ಕೈಮುಗಿದೆ.

ಈ ಸಲದ ಹುಳು ಎರಡನೇ ಜ್ವರದಿಂದ ಎದ್ದ ಬೆಳಿಗ್ಗೆ ತಿಮ್ಮಾಜಮ್ಮ ಸೊಪ್ಪಿನ ಮಂಕರಿಯ ಮೇಲೆಯೇ ಕುಸಿದಳು. ಜ್ವರ ಎಂದರೆ ಕಾಯಿಲೆಯಲ್ಲ; ಹುಳು ಪೊರೆ ಬಿಡುವುದಕ್ಕೆ ಮುಂಚೆ ತಲೆಯೆತ್ತಿ ಅಲುಗಾಡದೆ ಕೂರುವುದಕ್ಕೆ ನಮ್ಮವರು ಹಾಗೆನ್ನುತ್ತಾರೆ. ಅವಳಿಗೆ ಹೊಡೆದದ್ದು ಲಕ್ವ. ಆಸ್ಪತ್ರೆಯಲ್ಲಿ ನೋಡಿ, ಮಾಡುವಂಥದೇನೂ ಉಳಿದಿಲ್ಲ, ಮನೆಯಲ್ಲಿ ನೆಮ್ಮದಿಯಾಗಿರಲಿ ಎಂದರು. ಕೈಯಿಲ್ಲ, ಕಾಲಿಲ್ಲ, ಮಾತಿಲ್ಲ. ಕಣ್ಣು ಮಾತ್ರ ಹಿತ್ತಲ ಕಡೆಗೇ ಹೊರಳುತ್ತಿತ್ತು. ಮಂಚವನ್ನು ಹುಳುಮನೆಯ ಬಾಗಿಲ ಪಕ್ಕಕ್ಕೆ ಹಾಕಿಸಿದೆ. ಅಲ್ಲಿ ಅವಳು ಮೇಲೆ ನೋಡುತ್ತ ಮಲಗಿದ್ದಳು, ನಾನು ಅವಳನ್ನು ನೋಡುತ್ತ ಕುಳಿತಿದ್ದೆ. ನೊಣ ಬರುತ್ತಿತ್ತು, ಬಾಗಿಲಮ್ಮ ಇಳಿಯುತ್ತಿದ್ದಳು, ನೊಣ ನಿಲ್ಲುತ್ತಿತ್ತು. ತಿಮ್ಮಾಜಮ್ಮನ ಕಣ್ಣಂಚಿನಲ್ಲಿ ಆಗ ಏನೋ ಒಂದು ಸಡಿಲವಾಗುತ್ತಿತ್ತು. ನಗುವೋ ಏನೋ, ನನಗೆ ತಿಳಿಯದು. ಒಂದು ಮಧ್ಯಾಹ್ನ ನಾನು ನೀರು ಕುಡಿಸಲು ಬಗ್ಗಿದಾಗ ಉಸಿರಿರಲಿಲ್ಲ.

ನಮ್ಮಲ್ಲಿ ಜೀವ ಹೋದ ಜಾಗವನ್ನು ಸಾರಿಸಿ ಒಂದು ದೀಪ ಹಚ್ಚಿಡುತ್ತಾರೆ. ತಿಥಿಯಾಗುವ ತನಕ ಅದು ಆರಬಾರದು, ಜಾಗವನ್ನೂ ಬದಲಿಸಬಾರದು. ಹೋಗುವವರಿಗೆ ದಾರಿ ಕಾಣಲಿ ಎಂದು. ಹುಳುಮನೆಯ ಬಾಗಿಲ ಪಕ್ಕದಲ್ಲಿ ಹರಳೆಣ್ಣೆಯ ದೀಪ ಇಟ್ಟೆ. ಸೂತಕದಲ್ಲಿ ದೇವರ ಮನೆಗೆ ಹೋಗುವಂತಿಲ್ಲ. ಬುದ್ಧಿ ಬಂದಾಗಿನಿಂದ ಬೆಳಿಗ್ಗೆ ಸಂಜೆ ಪೂಜೆ ಮಾಡಿದ ಕೈಗೆ ಮಾಡುವುದಕ್ಕೆ ಬೇರೇನೂ ಇರಲಿಲ್ಲ. ಆದ್ದರಿಂದ ನನ್ನ ಪೂಜೆಯೆಲ್ಲ ಆ ದೀಪದ ಮುಂದೆ ಬಂತು. ಕೆಂಡದ ಮೇಲೆ ಸಾಂಬ್ರಾಣಿ ಹಾಕುತ್ತಿದ್ದೆ, ಕರ್ಪೂರ ಹಚ್ಚುತ್ತಿದ್ದೆ, ನಾಮ ಹೇಳುತ್ತಿದ್ದೆ. ಕೆಂಡ ಆರುವ ಮೊದಲೇ ಮತ್ತೆ ಹಾಕುತ್ತಿದ್ದೆ.

ಬಾಗಿಲಮ್ಮ ಬಾಗಿಲು ಬಿಟ್ಟಳು. ಬಾಗಿಲವಾಡದಿಂದ ಏರಿ, ಹೆಂಚಿನ ಕೆಳಗೆ ತೊಲೆಯ ಮೂಲೆಯಲ್ಲಿ ಕಾಲು ಮಡಚಿ ಮುದ್ದೆಯಾಗಿ ಕುಳಿತಳು. ಯಜಮಾನಿ ಹೋದ ದುಃಖ ಎಂದುಕೊಂಡೆ. ಬಂದವರೆಲ್ಲ ಹಾಗೆಯೇ ಅಂದರು. ಅವಳ ದುಃಖವನ್ನು ನೋಡಿ ನನಗೆ ಅವಳ ಮೇಲಿನ ಗೌರವ ಹೆಚ್ಚಾಯಿತು.

ಸೊಪ್ಪು ಹಾಕಿಕೊಡಲು ಪಕ್ಕದ ಮನೆಯ ದೇವೀರಮ್ಮ ಬರುತ್ತಿದ್ದಳು. ತಿಮ್ಮಾಜಮ್ಮನ ಜೊತೆಗಾತಿ, ನನ್ನನ್ನು ಅಣ್ಣ ಎನ್ನುವವಳು. ಒಂದು ಬೆಳಿಗ್ಗೆ ಒಳಗಿನಿಂದ ಕೂಗಿದಳು: "ಅಣ್ಣಾ, ಬಂದು ನೋಡು. ಊಜಿ ಮೊಟ್ಟೆ ಮಡಗದೆ."

ಹುಳದ ಬೆನ್ನ ಮೇಲೆ ಬಿಳಿಯ ಚುಕ್ಕೆ. ಪಕ್ಕದಲ್ಲಿ ಇನ್ನೊಂದು ಹುಳದ ಮೇಲೆ ಮತ್ತೊಂದು. ಇಬ್ಬರೂ ಕುಳಿತು ಮೊಟ್ಟೆ ಹೊತ್ತವನ್ನು ಆರಿಸಿ ತೆಗೆದೆವು. ತೆಗೆಯುತ್ತಿದ್ದ ಹಾಗೆಯೇ ನಮ್ಮ ಕಿವಿಯ ಪಕ್ಕದಲ್ಲಿ ನೊಣ ಗುಂಯ್ಗುಡುತ್ತಿತ್ತು. ದೇವೀರಮ್ಮ ಸೆರಗಿನಲ್ಲಿ ಬೀಸಿದಳು. "ತಿಮ್ಮಾಜಮ್ಮ ಗರಿ ತಕಂಡು ಮೊಟ್ಟೆ ಹಾಳೆಯಿಂದ ತಟ್ಟೆಗೆ ಇಳಿಸಿದ ಹುಳ ಕಣಣ್ಣ ಇವು. ಪಕ್ಕದಲ್ಲೇ ಕೂತಿದ್ದೆ ನಾನು. ಒಂದೂ ಕೆಳೀಕೆ ಬೀಳಲಿಲ್ಲ" ಎಂದು ಅತ್ತಳು.

ನನಗೆ ಆಗ ಗೊತ್ತಾಯಿತು, ಉಳಿಸಿಕೊಳ್ಳಬೇಕಾದದ್ದು ಏನು ಎಂದು. ತಿಮ್ಮಾಜಮ್ಮನ ಸೀರೆ, ಪಾತ್ರೆ, ಪೆಟ್ಟಿಗೆ ಎಲ್ಲ ಇದ್ದವು. ಆದರೆ ಅವಳು ಕೈಯಿಟ್ಟು ಅರ್ಧಕ್ಕೆ ಬಿಟ್ಟುಹೋದ ಕೆಲಸ ಇದೊಂದೇ. ಅದು ಉಸಿರಾಡುತ್ತಿತ್ತು, ತಿನ್ನುತ್ತಿತ್ತು, ಬೆಳೆಯುತ್ತಿತ್ತು. ಗೂಡು ಕಟ್ಟುವ ತನಕ ಅದು ಅವಳ ಬೆಳೆಯೇ.

ಸಂಜೆ ಬೀದಿಯ ಹಿರಿಯ ಮುದ್ದಯ್ಯ ಬಂದ. ನನ್ನ ಓರಗೆಯವನು, ಒಂದೇ ಗರಡಿಯಲ್ಲಿ ಬೆಳೆದವರು ನಾವು. ಬಾಗಿಲ ಹೊರಗೇ ನಿಂತು ತಲೆಗೆ ಸುತ್ತಿದ್ದ ಟವಲು ತೆಗೆದು ಹೆಗಲ ಮೇಲೆ ಹಾಕಿಕೊಂಡ.

"ಯಜಮಾನಿ ಇಲ್ಲದ ಹುಳುಮನೆ ತಟ್ಟೇನ ಬೀದಿಗೆ ಹಂಚಬೇಕು. ನಿಂಗೇನು ಹೊಸದಾ ಇದು? ಬಾಗಿಲಮ್ಮನ್ನ ಬಿದಿರು ಮೆಳೇಲಿ ಬುಟ್ಟುಬರಾವ."

"ಹಂಚಿದ ಮೇಲೆ ಅವು ನಿಮ್ಮ ಹುಳುಗಳ ಜೊತೆ ಕಲೆತುಹೋಗ್ತವೆ ಮುದ್ದಯ್ಯ. ಯಾವುದು ಅವಳದು ಅಂತ ಗೊತ್ತಾಗೋದಿಲ್ಲ."

"ಬದುಕ್ತವಲ್ಲ. ಅಷ್ಟು ಸಾಲದಾ? ಇಲ್ಲಿ ಮಡಿಕಂಡ್ರೆ ನೊಣದ ಪಾಲು. ನಿನ್ ಮನೆ ನೊಣ ನಾಳೆ ನಮ್ಮನೇಗೂ ಬತ್ತದೆ."

ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. "ನಾನು ಕೈ ಒಡ್ಡುತ್ತೇನೆ" ಎಂದೆ.

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಏನಂದೆ?"

"ಬಾಗಿಲಮ್ಮನಿಗೆ. ನನಗೆ ಸೊಸೆಯಿಲ್ಲ. ಮಗಳ ಕೈಗೆ ಅವಳ ಗಂಡನ ಮನೆಯ ಚುಕ್ಕೆ ಬಿದ್ದಿದೆ. ಇನ್ನು ಉಳಿದಿರೋದು ನನ್ನ ಕೈ."

"ಗಂಡಸು ಕೈ ಒಡ್ಡಿದ್ದು ಎಲ್ಲಾದ್ರೂ ಕಂಡಿದ್ದೀಯಾ?"

"ಕಂಡಿಲ್ಲ. ಒಡ್ಡಬಾರದು ಅಂತ ಯಾರೂ ಹೇಳಿದ್ದನ್ನೂ ಕೇಳಿಲ್ಲ."

ಒಳಗೆ ಸಂಜೆಯ ಸೊಪ್ಪು ಹಾಕುತ್ತಿದ್ದ ದೇವೀರಮ್ಮ ಕಣ್ಣೊರೆಸಿಕೊಳ್ಳುತ್ತಲೇ, "ಬಳೆ ತಂದ್ಕೊಡ್ಲಾ ಅಣ್ಣ? ಹಸಿರು ಗಾಜಿಂದು ಅವೆ" ಎಂದಳು. ಮುದ್ದಯ್ಯನಿಗೆ ನಗು ತಡೆಯಲಾಗಲಿಲ್ಲ; ಸಾವಿನ ಮನೆಯಲ್ಲಿ ನಕ್ಕೆನಲ್ಲ ಎಂದು ಗಂಭೀರನಾದ. "ನಾಳೆ ಸಂಜೆಗಂಟ ನೋಡ್ತೀವಿ. ಆಮ್ಯಾಕೆ ತಟ್ಟೆ ಎತ್ತೀವಿ. ಬೇಜಾರು ಮಾಡ್ಕಬೇಡ" ಎಂದು ಹೋದ.

ನಾನು ಆ ಸಂಜೆಯೇ ಸ್ನಾನ ಮಾಡಿ, ಬಾಗಿಲಮ್ಮನಿಗೆಂದು ಬೇರೆ ಕರ್ಪೂರ ಹಚ್ಚಿ ಬೆಳಗಿ, ಸಾಂಬ್ರಾಣಿ ಹಾಕಿ, ತಾಯೀ ಎಂದು ಕರೆದು, ಕೈ ಎತ್ತಿ ನಿಂತೆ. ದೊಡ್ಡ ಮನಸ್ಸು ಮಾಡಬೇಕಾದವರನ್ನು ನಾನು ಕರೆಯುವುದೇ ಹಾಗೆ. ಅವಳು ಮೂಲೆಯಿಂದ ಕದಲಿ, ಇನ್ನೂ ಆಚೆಗೆ, ಹೆಂಚಿನ ಸಂದಿಗೆ ಸೇರಿಕೊಂಡಳು. ತೋಳು ಮರಗಟ್ಟುವ ತನಕ ನಿಂತೆ. ಬೆಳಿಗ್ಗೆ ಎದ್ದು ಮತ್ತೆ ಬೆಳಗಿದೆ, ಮತ್ತೆ ಒಡ್ಡಿದೆ. ಒಂದು ಕಾಲು ಮಾತ್ರ ಸಂದಿಯಿಂದ ಕಾಣುತ್ತಿತ್ತು. ಅದನ್ನೂ ಒಳಗೆ ಎಳೆದುಕೊಂಡಳು. ಅಷ್ಟರಲ್ಲಿ ನೊಣವೊಂದು ನನ್ನ ಎತ್ತಿದ ಕೈಯ ಕೆಳಗಿನಿಂದಲೇ ಒಳಗೆ ಹೋಯಿತು. ಬೇಡವೆಂದಳು ಎಂದುಕೊಂಡೆ. ಬೇಡವೆನ್ನುವ ಹಕ್ಕು ಅವಳಿಗಿತ್ತು. ಕೈ ಇಳಿಸಿ ಕಂಬಕ್ಕೆ ಒರಗಿ ಕುಳಿತೆ.

ಮಣ್ಣಿನ ದಿನ ಬಂದು ಹೋಗಿದ್ದ ಮಗಳು ಚೆಲುವಾಜಿ ಮಧ್ಯಾಹ್ನ ತಿಥಿಯ ಕೆಲಸಕ್ಕೆಂದು ಮತ್ತೆ ಬಂದಳು. ತಾಯಿಯ ಹಾಗೆ ಮಾತು ಜೋರು. ಹಿತ್ತಲಿಗೆ ಕಾಲಿಟ್ಟವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ಕೆಮ್ಮಿದಳು.

"ಅಪ್ಪಾ, ಇದೇನು ಹೊಗೆ! ಹುಳುಮನೆ ಬಾಗಿಲಲ್ಲಿ ಸಾಂಬ್ರಾಣಿ ಹಾಕಿದ್ದೀಯಲ್ಲಪ್ಪ?"

"ನಿಮ್ಮವ್ವನ ದೀಪಕ್ಕಮ್ಮ."

"ಅವ್ವ ಬದುಕಿದ್ದಾಗ ನಿನ್ ಊದುಬತ್ತಿ ಹೊಗೇನ ಹಿತ್ತಲ ಬಾಗಿಲು ದಾಟಾಕೆ ಬುಟ್ಟಿದ್ಲಾ? ಬೀಡಿ ಸೇದೋನು ಬಂದ್ರೆ ಕೋಲು ತಕಂಡು ಓಡುಸ್ತಿದ್ಲು. ಹೊಗೇಗೆ ಜೇಡ ನಿಂತಾದೇನಪ್ಪ? ಅವಳು ದುಃಖಕ್ಕೆ ಅಲ್ಲ ಕಣಪ್ಪ ಮೇಲಕ್ಕೆ ಹತ್ತಿರೋದು. ನಿನ್ನ ಪೂಜೇಗೆ!"

ನಾನು ಮೇಲೆ ನೋಡಿದೆ. ತೊಲೆಯ ಕೆಳಗೆ ಹೊಗೆ ಹಚ್ಚಡದ ಹಾಗೆ ಮಡಿಕೆ ಮಡಿಕೆಯಾಗಿ ನಿಂತಿತ್ತು. ಬಂದು ಹೋದವರಿಗೆಲ್ಲ ಅದು ಕಂಡೇ ಇರಬೇಕು. ಆದರೆ ಊರಿನಲ್ಲಿ ಎಲ್ಲರ ಜೀವವೂ ಮುಂದಿನ ಮನೆಯಲ್ಲಿ ಹೋಗುತ್ತದೆ, ದೀಪವೂ ಅಲ್ಲಿಯೇ ಉರಿಯುತ್ತದೆ. ಹುಳುಮನೆಯ ಬಾಗಿಲಲ್ಲಿ ಸತ್ತವಳು ಇವಳೊಬ್ಬಳೇ. ಸಾವಿನ ದೀಪದ ಸುದ್ದಿಗೆ ಯಾರು ಬಾಯಿ ತೆಗೆಯುತ್ತಾರೆ?

ಸಾಂಬ್ರಾಣಿಯ ಕೆಂಡಕ್ಕೆ ನೀರು ಸುರಿದೆ. ಅದು ಸುಲಭ. "ದೀಪ ಇರಲಿ" ಎಂದೆ.

"ಅದೂ ಹೊಗೆ ಕಾರ್ತದಲ್ಲಪ್ಪ. ಗೋಡೆ ನೋಡು ಹೆಂಗೆ ಕರ್‍ರಗಾಗದೆ. ಅವಳ ಗೂಡಿನ ಸಂದಿ ಸರಿಯಾಗಿ ಇದರ ಮೇಲೇ ಅದೆ."

"ತಿಥಿಗೆ ಮುಂಚೆ ಆರಿಸಬಾರದಮ್ಮ. ಜಾಗ ಬದಲಿಸಬಾರದು. ಅವಳು ಕತ್ತಲಲ್ಲಿ ಹೋಗಬೇಕಾಗುತ್ತೆ."

ಮಗಳು ಮೂಗಿಗೆ ಒತ್ತಿದ್ದ ಸೆರಗನ್ನು ಇಳಿಸಿದಳು. ಆಮೇಲೆ ದನಿ ತಗ್ಗಿಸಿ, "ಅಪ್ಪ, ಅವ್ವ ದಿನಾ ಕೋಳಿ ಕೂಗಾಕೆ ಮುಂಚೆ ಎದ್ದು ಸೊಪ್ಪು ಹಾಕಾಕೆ ಬರೋಳು. ಒಂದು ದಿನ ದೀಪ ಹಿಡ್ಕಂಡು ಬಂದಿದ್ದು ನೋಡಿದ್ದೀಯಾ? ಅವಳಿಗೆ ಕತ್ತಲಂದ್ರೆ ಏನಪ್ಪ?" ಎಂದಳು.

ನಾನು ದೀಪದ ಮುಂದೆ ಕುಳಿತೆ. ಶಾಸ್ತ್ರವನ್ನು ಮೀರಿ ಒಂದು ಹೆಜ್ಜೆ ಇಟ್ಟವನಲ್ಲ ನಾನು. ಹೋದವಳ ದಾರಿಯೋ, ಅವಳ ಹುಳುವೋ ಎಂದು ಯಾರೂ ನನ್ನನ್ನು ಕೇಳಬಾರದಾಗಿತ್ತು. ಕೇಳಿದರು. ರಂಗನಾಥಾ, ತಪ್ಪಾದರೆ ನನ್ನ ಲೆಕ್ಕಕ್ಕೆ ಹಾಕಿಕೋ, ಅವಳದಕ್ಕೆ ಬೇಡ ಎಂದೆ. ದೀಪವನ್ನು ಬಾಯಿಂದ ಊದುವುದು ನಮ್ಮಲ್ಲಿಲ್ಲ, ಹೂವಿನಿಂದ ಶಾಂತಮಾಡಬೇಕು. ಸೂತಕದ ಮನೆಯಲ್ಲಿ ಹೂವಿರಲಿಲ್ಲ. ಮಂಕರಿಯಿಂದ ಒಂದು ಹಿಪ್ಪುನೇರಳೆ ಎಲೆ ತೆಗೆದು ಬತ್ತಿಯ ಮೇಲೆ ಒತ್ತಿದೆ. ಚಟ್ ಎಂದಿತು. ಬೆರಳು ಸುಟ್ಟಿತು. ಅವಳು ಹೋದ ಮೇಲೆ ಅಲ್ಲಿಯ ತನಕ ನಾನು ಅತ್ತಿರಲಿಲ್ಲ.

ಚೆಲುವಾಜಿ ಗೋಡೆಯನ್ನೂ ನೆಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿದಳು. ನಾನು ಬರಿಯ ನೀರಿನಲ್ಲಿ ಮಿಂದು ಬಂದೆ. ಮಂತ್ರವಿಲ್ಲ, ಗಂಧವಿಲ್ಲ. ಬಾಗಿಲವಾಡದ ಕೆಳಗೆ ನಿಂತು ಮಣಿಕಟ್ಟು ಎತ್ತಿದೆ. ಮಗಳು ತನ್ನ ಚುಕ್ಕೆಯ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೂರ ಹೋಗಿ ನಿಂತಳು.

ಬಿಸಿಲು ಇಳಿಯುತ್ತಿರುವಾಗ ಮುದ್ದಯ್ಯ ನಾಲ್ಕು ಜನರನ್ನು ಕರೆದುಕೊಂಡು ತಟ್ಟೆ ಎತ್ತಲು ಬಂದ. ನನ್ನನ್ನು ನೋಡಿ ಎಲ್ಲರೂ ಚಪ್ಪಲಿ ಬಿಟ್ಟು ನಿಂತರು. ಯಾರೋ ಹಿಂದಿನಿಂದ, "ತಾತ ಮದುವಣಗಿತ್ತಿ ಆಗವ್ನೆ" ಎಂದ. ಮುದ್ದಯ್ಯ ತಿರುಗಿ, "ಬಾಯಿ ಮುಚ್ಚಲೇ" ಎಂದ.

ಅವಳು ಕಾಣಿಸಿದಳು. ಸಂದಿಯಿಂದ ಮೊದಲು ಎರಡು ಕಾಲು, ಆಮೇಲೆ ಮೈ. ತೊಲೆಯ ಉದ್ದಕ್ಕೂ ನಿಧಾನವಾಗಿ ಬಂದಳು. ನಡುವೆ ನಿಂತು ಮುಂಗಾಲುಗಳನ್ನು ಬಾಯಿಗೆ ಎಳೆದುಕೊಂಡು ಒರೆಸಿಕೊಂಡಳು, ಮಸಿ ಮೆತ್ತಿದ ಕೈಯನ್ನು ಹೆಂಗಸರು ಒರೆಸಿಕೊಳ್ಳುವ ಹಾಗೆ. ಗೂಡಿನ ಸಂದಿಯನ್ನು ಒಮ್ಮೆ ಮುಟ್ಟಿ ನೋಡಿದಳು. ಅಲ್ಲಿಂದ ನೂಲು ಬಿಟ್ಟು ನನ್ನ ಕೈಮೇಲೆ ಇಳಿದಳು. ತೂಕವೇ ಇರಲಿಲ್ಲ. ಬಳೆಯಿಲ್ಲದ ಕೈಯಲ್ಲಿ ಸುತ್ತು ಬರಲು ಏನೂ ಸಿಗದೆ, ಮುದುಕನ ನರೆಗೂದಲ ನಡುವೆ ದಾರಿ ಹುಡುಕುತ್ತ ನಡೆದಳು. ನರ ಹೊಡೆದುಕೊಳ್ಳುವ ಜಾಗಕ್ಕೆ ಬಂದು ಕುಳಿತಳು. ನನ್ನ ನಾಡಿ ಅವಳ ಹೊಟ್ಟೆಯ ಕೆಳಗೆ ಬಡಿಯುತ್ತಿತ್ತು. ಇಷ್ಟು ವರ್ಷ ನೋಡಿಯೂ ನಾನು ಅವಳ ಕಣ್ಣುಗಳನ್ನು ನೋಡಿರಲಿಲ್ಲ. ಒಂದರ ಪಕ್ಕ ಒಂದು, ಎಣ್ಣೆ ಸವರಿದ ರಾಗಿ ಕಾಳಿನ ಹಾಗೆ ಹೊಳೆಯುವ ಕಣ್ಣುಗಳು.

ಆಗಲೇ ಒಂದು ನೊಣ ಬಂತು. ಬಾಗಿಲಲ್ಲಿ ನಿಂತವರ ತಲೆಯ ಮೇಲಿನಿಂದ ಹಾರಿ ನೇರವಾಗಿ ಒಳಕ್ಕೆ ನುಗ್ಗಿತು. ನನ್ನ ಕೈ ಹಗುರವಾಯಿತು. ಅವಳು ಯಾವಾಗ ನೆಗೆದಳೋ ಕಾಣಲಿಲ್ಲ. ನೋಡಿದರೆ ಹೊಸ್ತಿಲಿನ ಮೇಲೆ ನೊಣವಿತ್ತು, ನೊಣದ ಮೇಲೆ ಅವಳಿದ್ದಳು. ರೆಕ್ಕೆ ನಡುಗಿತು, ನಿಂತಿತು.

"ಕೈ ಕಚ್ಚದೇನೇ ಹೋದ್ಲಲ್ಲ" ಎಂದ ಮುದ್ದಯ್ಯ.

ನಾನು ಕೈಯನ್ನು ಇಳಿಸಿ ಬೆಳಕಿಗೆ ಹಿಡಿದು ನೋಡಿದೆ. ಏನೂ ಇರಲಿಲ್ಲ. ಚುಕ್ಕೆಯಿಲ್ಲ, ಕೆಂಪಿಲ್ಲ. ಅವಳು ನೊಣವನ್ನು ನೂಲಿನಲ್ಲಿ ಸುತ್ತಿ, ಮೇಲಕ್ಕೊಯ್ದು ತನ್ನ ಹಳೆಯ ಸಂದಿಯಲ್ಲಿ ತೂಗುಹಾಕಿ, ಬಾಗಿಲ ನಡುವೆ ಬಂದು ಕುಳಿತಳು. ಕಾವಲು ಕೂತಳು ಎಂದು ಎಲ್ಲರಿಗೂ ಗೊತ್ತಾಯಿತು.

"ಈಗೇನನ್ನಾವ?" ಎಂದ ಮುದ್ದಯ್ಯ. "ಒಪ್ಪಿಕಂಡಂಗೋ, ಇಲ್ವೋ?"

ನನ್ನ ತಲೆ ಬಾಗಿತು. ನನ್ನ ಕೈ ಅವಳಿಗೆ ಬೇಕಿರಲಿಲ್ಲ. ಹೊಗೆಯಿಲ್ಲದ ಬಾಗಿಲು ಬೇಕಿತ್ತು, ಅಷ್ಟೆ. ತಿಮ್ಮಾಜಮ್ಮನ ಸಾವಿಗೆ ಅವಳು ಕೆಲಸ ಬಿಟ್ಟವಳೇ ಅಲ್ಲ, ಬಿಡಿಸಿದವನು ನಾನು. ಯಜಮಾನಿ ಇದ್ದರೂ ಇಲ್ಲದಿದ್ದರೂ ಒಳಗೆ ಹುಳುಗಳಿವೆ, ಹೊರಗೆ ನೊಣಗಳಿವೆ, ನಡುವೆ ಅವಳಿದ್ದಾಳೆ. ಇದಕ್ಕಿಂತ ದೊಡ್ಡ ಭಕ್ತಿಯನ್ನು ನಾನು ಎಲ್ಲಿಯೂ ಕಂಡಿಲ್ಲ.

"ತಟ್ಟೆ ಎತ್ತೋದೇನೂ ಬೇಡ ನಡೀರ್‍ಲಾ" ಎಂದು ಮುದ್ದಯ್ಯ ಜನರನ್ನು ಕಳಿಸಿದ. ತಾನು ಮಾತ್ರ ಹಿಂದುಳಿದು, ಆರಿದ ದೀಪವನ್ನು ನೋಡಿದ, ನನ್ನ ಸುಟ್ಟ ಬೆರಳನ್ನು ನೋಡಿದ, ಟವಲನ್ನು ತಲೆಗೆ ಸುತ್ತಿಕೊಂಡು ಹೋದ.

ತಿಥಿ ಮುಗಿಯಿತು. ಹುಳು ನಾಲ್ಕನೇ ಜ್ವರದಿಂದ ಎದ್ದವು. ಈಗ ಬೆಳಗಿನ ಜಾವದ ಸೊಪ್ಪು ನಾನೇ ಹಾಕುತ್ತೇನೆ. ದೇವರ ಮನೆಗೆ ಹೋಗುವುದು ಅದಾದ ಮೇಲೆ. ರಂಗನಾಥ ಕಾಯುತ್ತಾನೆ, ಹುಳು ಕಾಯುವುದಿಲ್ಲ. ದೀಪ ಒಯ್ಯುವುದಿಲ್ಲ. ಮೊದಮೊದಲು ತಟ್ಟೆಗೆ ಎಡವುತ್ತಿದ್ದೆ. ಈಗ ಕಾಲಿಗೆ ದಾರಿ ಗೊತ್ತಾಗಿದೆ. ಮೇಲೆ ನೋಡಿ ಎರಡು ಮಾತನ್ನೂ ಆಡುತ್ತೇನೆ. ಸೊಪ್ಪು ಒದ್ದೆಯಿದೆ, ನಿನ್ನೆ ಗಾಳಿ ಜೋರಿತ್ತು, ಇಂಥವು.

ನಿನ್ನೆ ಬೆಳಿಗ್ಗೆ ಹುಳುಗಳ ಮೈ ಹಳದಿ ತಿರುಗಿ, ಬೆಳಕು ಹಾಯುವ ಹಾಗಾಯಿತು; ಅವು ತಲೆಯೆತ್ತಿ ಆಡಿಸತೊಡಗಿದವು. ಗೋಡೆಯಾಚೆಯಿಂದ ದೇವೀರಮ್ಮ ಕೂಗಿದಳು.

"ಏನ್ ಯಜಮಾನೀ, ಹುಳ ಹಣ್ಣಾದ್ವಾ?"

"ಹಣ್ಣಾದ್ವು ಕಣವ್ವ. ನಮ್ಮ ಚಂದ್ರಿಕೆ ಸಾಲೋದಿಲ್ಲ. ನಿಮ್ಮನೇಲಿ ನಾಲ್ಕು ಇದ್ರೆ ತಂದುಕೊಡು" ಎಂದೆ, ಗೂಡು ಕಟ್ಟಿಸುವ ಬಿದಿರಿನ ತಟ್ಟೆಗಳನ್ನು ಹೊರಗೆ ತೆಗೆಯುತ್ತ. "ಬೇಗ ಬಾ. ಎಲ್ಲಾ ಒಟ್ಟಿಗೇ ಎದ್ದು ಕೂತಿವೆ."